ಟೈಮ್‌ಟೇಬಲ್ ಹಾಕಿದ್ರೂ ಧಾವಂತ ಕಮ್ಮಿ ಆಗ್ತಿಲ್ಲ ಅಂದವರಿಗೆ

ಟೈಮ್‌ಟೇಬಲ್ ಹಾಕ್ಕೊಂಡ್ರೂ ಬೆಳಿಗ್ಗೆಯಿಂದ ರಾತ್ರಿವರೆಗೂ ಯಾರೋ ಅಟ್ಟಿಸ್ಕೊಂಡು ಬರ್ತಿರೋ ಹಾಗನ್ಸುತ್ತೆ, ಏನ್ಮಾಡ್ಲಿ ಅಂತ ಕೇಳಿದ್ರಲ್ಲ, ನಂದೂ ಅದೇ ಕಥೆ ಆಗಿತ್ತು. ನನ್ನ ಪ್ರಕಾರ ತೊಂದ್ರೆ ಇರೋದೇ ಆ ಟೈಮ್‌ಟೇಬಲ್‌ನಲ್ಲಿ. ಒಂದು ಕೆಲ್ಸಕ್ಕೆ ಎಷ್ಟೊತ್ತು ಹಿಡಿಯುತ್ತೆ ಅಂತ ನಾವು ಸಾಮಾನ್ಯವಾಗಿ ಕಮ್ಮಿನೇ ಅಂದಾಜು ಮಾಡ್ತೀವಿ, ಇದಕ್ಕೆ ಕಾನೆಮನ್, ಟ್ವೆರ್ಸ್ಕಿ ಅನ್ನೋ ಮನಃಶಾಸ್ತ್ರಜ್ಞರು 1979ರಲ್ಲೇ ಪ್ಲಾನಿಂಗ್ ಫ್ಯಾಲಸಿ ಅಂತ ಹೆಸರಿಟ್ಟಿದ್ರು. ನಾನು ಒಂದು ವಾರ ಸುಮ್ನೆ ಗಡಿಯಾರ ನೋಡಿ ಬರ್ಕೊಂಡೆ, ಹತ್ತೇ ನಿಮಿಷ ಅನ್ಕೊಂಡಿದ್ದ ಮಗಳ ಜಡೆ, ಟಿಫನ್ ಬಾಕ್ಸು, ಆ ಇನ್ನೊಂದು ಕಾಲಿನ ಸಾಕ್ಸ್ ಹುಡುಕೋದು ಎಲ್ಲಾ ಸೇರಿ 35 ನಿಮಿಷ!

ಆಮೇಲೆ ನಿಮಿಷದ ಲೆಕ್ಕ ಬಿಟ್ಟು ಘಳಿಗೆ ಲೆಕ್ಕ ಹಿಡಿದೆ, ಪಂಚಾಂಗದ್ದೇ, 24 ನಿಮಿಷಕ್ಕೆ ಒಂದು, ದಿನಕ್ಕೆ 60. ಒಂದು ಘಳಿಗೆಗೆ ಒಂದೇ ಕೆಲ್ಸ, ಮೂರು ಆದ್ಮೇಲೆ ಒಂದು ಖಾಲಿ. ಅಜ್ಜಿ ಇದ್ದಿದ್ರೆ ನಗ್ತಿದ್ರು ಬಿಡಿ. ಖಾಲಿ ಘಳಿಗೆಲಿ ಫೋನ್ ಮುಟ್ಟಿದ್ರೆ ಮಾತ್ರ ಎಲ್ಲಾ ಹಾಳು, ನಾನು ಮನೆ ಮುಂದಿನ ಮೆಟ್ಲ ಮೇಲೆ ಕಾಫಿ ಹಿಡ್ಕೊಂಡು ಕೂತಿರ್ತೀನಿ ಅಷ್ಟೇ. ಆಫೀಸ್ ಡೆಡ್‌ಲೈನ್‌ಗೆ ಇದು ನಡ್ಯಲ್ಲ, ಅದಕ್ಕೆ "ಇವತ್ತಾಗಲ್ಲ, ನಾಳೆ ಕೊಡ್ತೀನಿ" ಅನ್ನೋದನ್ನ ಕಲೀಬೇಕು, ನಂಗಿನ್ನೂ ಬಂದಿಲ್ಲ. ನಿಮಗೆ ಜಾಸ್ತಿ ಓಡಾಟ ಬೆಳಿಗ್ಗೆನಾ, ಸಂಜೆನಾ?