ಅಡ್ಡ ಮಲಗಿಸಿದ ಟ್ಯಾಂಕಿಗೆ 250 ಲೀಟರ್ ಗೆರೆ ಎಲ್ಲಿ ಹಾಕುವುದು?

ಅಣ್ಣಾ, ನಿಮ್ಮದು ದುಂಡು ಫೈಬರ್ ಟ್ಯಾಂಕ್. ಅಡ್ಡ ಮಲಗಿಸಿದ್ದೀರಿ, ಒಳಗಿನ ವ್ಯಾಸ 80 ಸೆಂ.ಮೀ., ಉದ್ದ 2 ಮೀಟರ್. ತುಂಬಿದರೆ 1,005 ಲೀಟರ್. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲು 250 ಲೀಟರ್ ಅಳೆಯಬೇಕು, ಕೋಲಿಗೆ ಕಾಲು ಎತ್ತರದಲ್ಲಿ, ಅಂದರೆ 20 ಸೆಂ.ಮೀ.ಗೆ ಗೆರೆ ಹಾಕಿದರೆ ಸಾಕಲ್ವಾ ಎಂದು ಕೇಳಿದ್ದೀರಿ.

ಸಾಕಾಗುವುದಿಲ್ಲ. ಟ್ಯಾಂಕ್ ಅಡಿಯಲ್ಲಿ ಕಿರಿದು, ನಡುವೆ ಅಗಲ. 20 ಸೆಂ.ಮೀ.ಗೆ ಸಿಗುವುದು 197 ಲೀಟರ್ ಮಾತ್ರ. ಅದಕ್ಕೆ ಎರಡೂವರೆ ಕೆ.ಜಿ. ಮೈಲುತುತ್ತದ ಲೆಕ್ಕ ಹಿಡಿದರೆ ಶೇ. 1 ಇರಬೇಕಾದ ದ್ರಾವಣ ಶೇ. 1.27 ಆಗುತ್ತದೆ.

ಎತ್ತರ ಗೊತ್ತಿದ್ದರೆ ಲೀಟರ್ ಲೆಕ್ಕ ಹಾಕಬಹುದು. ಲೀಟರ್ ಹೇಳಿ ಎತ್ತರ ಕೇಳಿದರೆ ನೇರ ಸೂತ್ರ ಇಲ್ಲ. ಗ್ರಹ ಯಾವ ದಿನ ಎಲ್ಲಿರುತ್ತದೆ ಎಂದು 400 ವರ್ಷದ ಹಿಂದೆ ಲೆಕ್ಕ ಹಾಕಿದ ಕೆಪ್ಲರ್‌ಗೂ ಇದೇ ಜಾತಿಯ ಸಮೀಕರಣ ಎದುರಾಗಿತ್ತು. ಇವತ್ತಿಗೂ ಅದನ್ನು ಹಂತ ಹಂತವಾಗಿ ಹತ್ತಿರ ಹೋಗಿಯೇ ಬಿಡಿಸುವುದು.

ಗುಡ್ಡದಿಂದ ಬರುವ ಅಬ್ಬಿ ನೀರಿನ ಪೈಪ್ ಕಟ್ಟಿಕೊಂಡರೆ ಏನು ಮಾಡುತ್ತೀರಿ? ನಡುವಿನ ಜಾಯಿಂಟ್ ಬಿಚ್ಚುತ್ತೀರಿ. ಅಲ್ಲಿ ನೀರು ಬಂದರೆ ಕಸ ಕೆಳಗಿದೆ, ಬರದಿದ್ದರೆ ಮೇಲಿದೆ. ಉಳಿದ ಅರ್ಧದಲ್ಲಿ ಮತ್ತೆ ನಡುವೆ ಬಿಚ್ಚುತ್ತೀರಿ. ಇಲ್ಲೂ ಅಷ್ಟೇ, ಇದಕ್ಕೆ ಬೈಸೆಕ್ಷನ್ ಎನ್ನುತ್ತಾರೆ. 40 ಸೆಂ.ಮೀ.ಗೆ 503 ಲೀಟರ್, ಜಾಸ್ತಿ ಆಯ್ತು. 20ಕ್ಕೆ 197, ಕಡಿಮೆ. 30ಕ್ಕೆ 344, 25ಕ್ಕೆ 268, 22.5ಕ್ಕೆ 232. ಆರನೇ ಸಲ 23.75 ಸೆಂ.ಮೀ.ಗೆ ಸರಿಯಾಗಿ 250 ಬಂತು! ಗೆರೆ ಅಲ್ಲಿ ಹಾಕಿ.

ಎಕ್ಸೆಲ್‌ನಲ್ಲಿ ಮಾಡುವುದು ಹೀಗೆ. ತ್ರಿಜ್ಯದಲ್ಲಿ ನೀರಿನ ಎತ್ತರ ಕಳೆಯಿರಿ, ಅದನ್ನು 'ಅಂತರ' ಎನ್ನೋಣ. ಅಂತರವನ್ನು ತ್ರಿಜ್ಯದಿಂದ ಭಾಗಿಸಿ ಆರ್ಕ್ ಕೊಸೈನ್ (ಎಕ್ಸೆಲ್‌ನಲ್ಲಿ ACOS) ತೆಗೆದರೆ ಕೋನ ಸಿಗುತ್ತದೆ. ತ್ರಿಜ್ಯದ ವರ್ಗವನ್ನು ಕೋನದಿಂದ ಗುಣಿಸಿ ಒಂದು ಕಡೆ ಇಡಿ. ತ್ರಿಜ್ಯದ ವರ್ಗದಲ್ಲಿ ಅಂತರದ ವರ್ಗ ಕಳೆದು, ವರ್ಗಮೂಲ ತೆಗೆದು, ಅಂತರದಿಂದ ಗುಣಿಸಿ. ಮೊದಲಿನದರಲ್ಲಿ ಇದನ್ನು ಕಳೆಯಿರಿ. ಉದ್ದದಿಂದ ಗುಣಿಸಿ 1,000ದಿಂದ ಭಾಗಿಸಿದರೆ ಲೀಟರ್. ಎಲ್ಲಾ ಅಳತೆ ಸೆಂ.ಮೀ.ನಲ್ಲೇ ಇರಲಿ. ಆಮೇಲೆ 'ಗೋಲ್ ಸೀಕ್'ಗೆ 250 ಕೊಟ್ಟರೆ ಎತ್ತರವನ್ನು ಅದೇ ಹುಡುಕುತ್ತದೆ. ಪೈಥಾನ್ ಬರುವ ಮಕ್ಕಳು ಮನೆಯಲ್ಲಿದ್ದರೆ ಹತ್ತು ಸಾಲಿನ ಪ್ರೋಗ್ರಾಂ ಸಾಕು, 50 ಲೀಟರಿಗೊಂದು ಗೆರೆಯ ಪಟ್ಟಿಯೇ ಬರುತ್ತದೆ.

ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಮಾಡುವುದಾದರೆ ಕೋನದ ಅಳತೆಯನ್ನು ಡಿಗ್ರಿ ಬಿಟ್ಟು ರೇಡಿಯನ್‌ಗೆ ಹಾಕಿಕೊಳ್ಳಿ. ನಾನು ಡಿಗ್ರಿಯಲ್ಲೇ ಒತ್ತಿದಾಗ ಇದೇ 20 ಸೆಂ.ಮೀ.ಗೆ 19,061 ಲೀಟರ್ ಎಂದು ತೋರಿಸಿತು. ಉತ್ತರ ಟ್ಯಾಂಕಿಗಿಂತ ದೊಡ್ಡದಾದರೆ ಮೊದಲು ಅದನ್ನೇ ನೋಡಿ.

ಗೆರೆ ಹಾಕಿದ ಮೇಲೆ ಒಂದು ಸಲ 10 ಲೀಟರ್ ಬಕೆಟ್‌ನಲ್ಲಿ 25 ಬಕೆಟ್ ಸುರಿದು ನೋಡಿ. ನೀರು ಗೆರೆಗೆ ಬರದಿದ್ದರೆ ಲೆಕ್ಕ ತಪ್ಪಿರುವುದಕ್ಕಿಂತ ಟ್ಯಾಂಕ್ ಒಂದು ಕಡೆ ವಾಲಿರುವುದೇ ಜಾಸ್ತಿ. ನಮ್ಮ ಕಡೆ ಸಮ ನೆಲ ಸಿಗುವುದು ಕಷ್ಟ, ಅಡಿಗೆ ಕಲ್ಲು ಕೊಟ್ಟು ಮಟ್ಟ ಮಾಡಿ. ಟ್ಯಾಂಕಿನ ತುದಿಗಳು ಉಬ್ಬಿದ್ದರೆ ಫೋಟೋ ಹಾಕಿ, ಅದರ ಲೆಕ್ಕ ಬೇರೆ.