ಮಾದರಿ ರೈಲಿನ ಗೂಡ್ಸ್ ವ್ಯಾಗನ್: ನಾಲ್ಕನೆಯ ಚಕ್ರ ಹಳಿಗೆ ತಾಗದಿದ್ದರೆ

ಇಂಗ್ಲೆಂಡಿನಿಂದ ನಿಮ್ಮ ಅಣ್ಣ ತಂದುಕೊಟ್ಟ ಎರಡು ಪ್ಲಾಸ್ಟಿಕ್ ಕಿಟ್‌ಗಳಲ್ಲಿ ಒಂದನ್ನು ಸೂಪರ್ ಗ್ಲೂ ಹಾಕಿ ಜೋಡಿಸಿದ್ದೀರಿ. ಹಳೆಯ ಬ್ರಿಟಿಷ್ ಕಲ್ಲಿದ್ದಲು ವ್ಯಾಗನ್ ನೋಡುವುದಕ್ಕೆ ಚೆನ್ನಾಗಿಯೇ ಬಂದಿದೆ, ಆದರೆ ಅದರ ಒಂದು ಚಕ್ರ ಹಳಿಯಿಂದ ಮೇಲೆ ನಿಂತಿದೆ ಮತ್ತು ಪಾಯಿಂಟ್, ಅಂದರೆ ಹಳಿ ಕವಲೊಡೆಯುವ ಜಾಗ ದಾಟುವಾಗಲೆಲ್ಲ ವ್ಯಾಗನ್ ಹಳಿ ತಪ್ಪುತ್ತಿದೆ. ಎರಡನೆಯದನ್ನು ಸರಿಯಾಗಿ ಕಟ್ಟುವುದು ಹೇಗೆ, ಅದು ನಿಜದ ವ್ಯಾಗನ್ನಿನಂತೆ ಕಾಣಲು ಏನು ಮಾಡಬೇಕು, ಅದನ್ನೇ ನಿಮ್ಮ ಸಾಗರದ ಮೇಲೆ ಹಾದುಹೋಗುವ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಹಳೆಯ ವ್ಯಾಗನ್ನಾಗಿ ಮಾಡಬಹುದೇ ಎಂದು ಕೇಳಿದ್ದೀರಿ. ಕೆಲಸದ ನಿಮಿತ್ತ ಹಲವು ವರ್ಷ ಇಂಗ್ಲೆಂಡಿನಲ್ಲಿದ್ದಾಗ ನನಗೆ ಈ ಹವ್ಯಾಸ ಹತ್ತಿತು. ಅರವತ್ತಕ್ಕೂ ಹೆಚ್ಚು ವ್ಯಾಗನ್ ಕಟ್ಟಿದ್ದೇನೆ, ಅವುಗಳಲ್ಲಿ ಮೊದಲ ಐದಾರು ನಿಮ್ಮದರಂತೆಯೇ ಕುಂಟುತ್ತಿದ್ದವು.

ನೀವು ಎಲ್ಲಕ್ಕಿಂತ ಮೊದಲು ಬದಲಿಸಬೇಕಾದದ್ದು ಅಂಟು. ಸೂಪರ್ ಗ್ಲೂ ಕೆಲವೇ ಕ್ಷಣಗಳಲ್ಲಿ ಗಟ್ಟಿಯಾಗುವುದರಿಂದ ತುಂಡು ವಾರೆಯಾಗಿ ಕೂತಿದ್ದರೆ ಅದು ವಾರೆಯಾಗಿಯೇ ಉಳಿಯುತ್ತದೆ. ನಿಮ್ಮ ಕಿಟ್ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನದು. ಅದಕ್ಕೆ ಬೇಕಾದದ್ದು ಬ್ಯುಟನೋನ್‌ನಂಥ ದ್ರಾವಕ. ನಮ್ಮಲ್ಲಿ ರಾಸಾಯನಿಕಗಳ ಅಂಗಡಿಯವರು ಅದನ್ನು ಎಂಇಕೆ ಎಂದು ಗುರುತಿಸುತ್ತಾರೆ. ಎರಡು ತುಂಡುಗಳನ್ನು ಒಣದಾಗಿಯೇ ಒಟ್ಟಿಗೆ ಹಿಡಿದು, ಸಣ್ಣ ಕುಂಚದ ತುದಿಯಿಂದ ಸಂದಿಗೆ ಒಂದು ಹನಿ ಮುಟ್ಟಿಸಿದರೆ ದ್ರಾವಕ ತಾನಾಗಿಯೇ ಸಂದಿಯುದ್ದಕ್ಕೂ ಹರಿದು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ಬೆಸುಗೆ ಪೂರ್ತಿ ಗಟ್ಟಿಯಾಗುವುದಕ್ಕೆ ಗಂಟೆಗಳೇ ಬೇಕಾಗುವುದರಿಂದ, ಮೊದಲ ಕೆಲವು ನಿಮಿಷಗಳಲ್ಲಿ ತುಂಡನ್ನು ಮೆಲ್ಲಗೆ ಒತ್ತಿ ನೇರ ಮಾಡಿಕೊಳ್ಳಲು ಅವಕಾಶ ಸಿಗುತ್ತದೆ. ದ್ರಾವಕದ ಆವಿ ಒಳ್ಳೆಯದಲ್ಲ, ಬೆಂಕಿಗೂ ಬೇಗ ಹತ್ತಿಕೊಳ್ಳುತ್ತದೆ. ಕಿಟಕಿ ತೆರೆದಿರಲಿ, ದೇವರ ದೀಪ ದೂರವಿರಲಿ.

ನಾಲ್ಕು ಕಾಲಿನ ಮಂಚ ಕುಂಟಿದರೆ ಒಂದು ಕಾಲಿನ ಕೆಳಗೆ ಕಾಗದ ಮಡಚಿ ಇಡುತ್ತೇವೆ. ನಿಜದ ವ್ಯಾಗನ್ನಿಗೆ ಆ ತೊಂದರೆಯಿಲ್ಲ, ಏಕೆಂದರೆ ಪ್ರತಿ ಚಕ್ರದ ಮೇಲೂ ಪಟ್ಟಿ ಸ್ಪ್ರಿಂಗ್ ಇದ್ದು ಹಳಿಯ ಏರುತಗ್ಗನ್ನು ಅದು ನುಂಗಿಕೊಳ್ಳುತ್ತದೆ. ಕಿಟ್ಟಿನ ಸ್ಪ್ರಿಂಗ್ ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿದ ಚಿತ್ರವಷ್ಟೇ. ಹಾಗಾಗಿ ನಾಲ್ಕೂ ಚಕ್ರಗಳು ಒಂದೇ ಸಮತಲದಲ್ಲಿ ನಿಲ್ಲುವಂತೆ ಕಟ್ಟುವವನೇ ನೋಡಿಕೊಳ್ಳಬೇಕು. ಈ ಕೆಲಸಕ್ಕೆ ನನ್ನ ಬಳಿ ಇರುವ ಮುಖ್ಯ ಉಪಕರಣವೆಂದರೆ ಹಳೆಯ ಕಿಟಕಿಯ ಒಂದು ಗಾಜಿನ ತುಂಡು. ಗಾಜಿನಷ್ಟು ಸಮತಟ್ಟಾದ ವಸ್ತು ಮನೆಯಲ್ಲಿ ಬೇರೊಂದಿಲ್ಲ, ದ್ರಾವಕವೂ ಅದಕ್ಕೆ ಅಂಟುವುದಿಲ್ಲ.

ಕಟ್ಟುವ ಕ್ರಮ ಹೀಗಿರಲಿ. ಚೌಕಟ್ಟಿನಿಂದ ತುಂಡುಗಳನ್ನು ಮುರಿಯದೆ ಕತ್ತರಿಸಿ, ಅಂಚಿನಲ್ಲಿ ಉಳಿದ ಸಣ್ಣ ಮುಳ್ಳುಗಳನ್ನು ಅರದಿಂದ ಸವರಿ ತೆಗೆಯಿರಿ. ಕೂದಲೆಳೆಯಷ್ಟು ಉಳಿದರೂ ಮೂಲೆ ಕೂಡುವುದಿಲ್ಲ. ಒಂದು ಪಕ್ಕದ ಹಲಗೆಯನ್ನೂ ಒಂದು ತುದಿಯ ಹಲಗೆಯನ್ನೂ ಮೂಲೆಮಟ್ಟಕ್ಕೆ ಒತ್ತಿ ಬೆಸೆಯಿರಿ. ಅಂಥದೇ ಇನ್ನೊಂದು ಜೋಡಿ ಮಾಡಿ ಎರಡನ್ನೂ ಕೂಡಿಸಿದರೆ ಪೆಟ್ಟಿಗೆಯಾಗುತ್ತದೆ. ನೆಲದ ಹಲಗೆಯನ್ನು ಅದರೊಳಗೆ ಕೂರಿಸುವಾಗ ಬಲವಂತ ಮಾಡಬೇಡಿ. ಬಿಗಿಯಾಗಿದ್ದರೆ ಅಂಚನ್ನು ಉಜ್ಜಿ ಸಣ್ಣದು ಮಾಡಿ. ನೆಲ ಬಿಗಿಯಾದರೆ ಪಕ್ಕದ ಹಲಗೆಗಳು ಹೊರಕ್ಕೆ ಉಬ್ಬುತ್ತವೆ, ಅದನ್ನು ಆಮೇಲೆ ಯಾವ ಬಣ್ಣವೂ ಮುಚ್ಚಲಾರದು. ಪೆಟ್ಟಿಗೆಯನ್ನು ಒಂದು ರಾತ್ರಿ ಹಾಗೆಯೇ ಬಿಡಿ.

ಮರುದಿನ ಕೆಳಭಾಗಕ್ಕೆ ಬನ್ನಿ. ಉದ್ದನೆಯ ತೊಲೆಯಂತಿರುವ ಸೋಲ್‌ಬಾರ್ ಎರಡಿರುತ್ತವೆ, ಚಕ್ರದ ಅಚ್ಚನ್ನು ಹಿಡಿಯುವ ಡಬ್ಲ್ಯು ಆಕಾರದ ಕಾಲುಗಳು ಅವುಗಳಿಗೇ ಸೇರಿಕೊಂಡಿರುತ್ತವೆ. ಆ ಕಾಲುಗಳ ಹಿಂಭಾಗದ ತೂತಿಗೆ ಹಿತ್ತಾಳೆಯ ಪುಟ್ಟ ಬೇರಿಂಗ್‌ಗಳನ್ನು ಕೂರಿಸಿ. ತೂತು ಸಾಕಷ್ಟು ಆಳವಿಲ್ಲದಿದ್ದರೆ 2 ಮಿ.ಮೀ. ಡ್ರಿಲ್ಲನ್ನು ಬೆರಳಿನಲ್ಲೇ ತಿರುಗಿಸಿ ಆಳ ಮಾಡಿ, ಯಂತ್ರ ಬೇಡ. ಮೊದಲು ಒಂದು ಸೋಲ್‌ಬಾರ್ ಮಾತ್ರ ಬೆಸೆದು ಗಟ್ಟಿಯಾಗಲು ಬಿಡಿ. ಬಳಿಕ ಎರಡನೆಯದಕ್ಕೆ ದ್ರಾವಕ ಮುಟ್ಟಿಸಿ, ಅದು ಇನ್ನೂ ಮೆತ್ತಗಿರುವಾಗಲೇ ಎರಡೂ ಅಚ್ಚುಗಳನ್ನು ತೂರಿಸಿ, ವ್ಯಾಗನ್ನನ್ನು ಗಾಜಿನ ಮೇಲೆ ನಿಲ್ಲಿಸಿ, ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡಿ. ಯಾವ ಮೂಲೆ ಒತ್ತಿದರೂ ಎದುರು ಮೂಲೆಯ ಚಕ್ರ ಏಳಬಾರದು. ಎದ್ದರೆ ಸೋಲ್‌ಬಾರನ್ನು ಸ್ವಲ್ಪ ಜಾರಿಸಿ ಮತ್ತೆ ಒತ್ತಿ. ಸರಿಯಾದ ಮೇಲೆ ಪೆಟ್ಟಿಗೆಯೊಳಗೆ ಬ್ಯಾಟರಿಯಂಥ ಒಂದು ಭಾರ ಇಟ್ಟು, ಗಾಜಿನ ಮೇಲೆಯೇ ರಾತ್ರಿಯಿಡೀ ಬಿಡಿ. ನಿಮ್ಮ ಮೊದಲ ವ್ಯಾಗನ್ನಿನಲ್ಲಿ ತಪ್ಪಿದ್ದು ಈ ಒಂದು ಹಂತ. ಒಂದು ಅಚ್ಚು ತೂಗಾಡುವಂತೆ ಕಟ್ಟಿ ವ್ಯಾಗನ್ನನ್ನು ಮುಕ್ಕಾಲಿಯಂತೆ ಮಾಡುವ ವಿಧಾನವೂ ಇದೆ. ಹಳಿಯ ಅಳತೆಯನ್ನು ಅತಿ ನಿಖರವಾಗಿ ಇಟ್ಟುಕೊಳ್ಳುವವರಿಗೆ ಅದು ಉಪಯುಕ್ತ, ನಿಮ್ಮ 16.5 ಮಿ.ಮೀ. ಅಂತರದ ಹಳಿಗೆ ಅಗತ್ಯವಿಲ್ಲ.

ಹಳಿ ತಪ್ಪುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಒಂದೇ ಅಚ್ಚಿನ ಎರಡು ಚಕ್ರಗಳ ಒಳಮುಖಗಳ ನಡುವಣ ಅಂತರ ನಿಮ್ಮ ಕಿಟ್ಟಿನ ಡಬಲ್ ಓ ಅಳತೆಯಲ್ಲಿ (ನಿಜದ 76ರಲ್ಲಿ ಒಂದು) 14.5 ಮಿ.ಮೀ. ಇರಬೇಕು. ಅದು 14 ಆಗಿದ್ದರೆ ನೇರ ಹಳಿಯಲ್ಲಿ ವ್ಯಾಗನ್ ತಕರಾರಿಲ್ಲದೆ ಓಡುತ್ತದೆ, ಪಾಯಿಂಟ್ ಬಂದೊಡನೆ ಚಕ್ರದ ಒಳಂಚಿನ ಏಣು, ಅಲ್ಲಿ ಚಕ್ರಕ್ಕೆ ದಾರಿ ತೋರುವ ಕಾವಲು ಹಳಿಯನ್ನು ಹತ್ತಿಬಿಡುತ್ತದೆ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು, ಚಕ್ರವನ್ನು ತಿರುಚುತ್ತಾ ಎಳೆದು ಸರಿಪಡಿಸಿ. ಕಿಟ್ಟಿನಲ್ಲಿ ಬಂದದ್ದು ಪ್ಲಾಸ್ಟಿಕ್ ಚಕ್ರವಾಗಿದ್ದರೆ ಅದರ ಬದಲು 12 ಮಿ.ಮೀ. ಲೋಹದ ಚಕ್ರ ತರಿಸಿಕೊಳ್ಳಿ. ಪ್ಲಾಸ್ಟಿಕ್ ಚಕ್ರ ಹಳಿಯ ಕೊಳೆಯನ್ನೆಲ್ಲ ಮೈಗೆ ಬಳಿದುಕೊಂಡು ಊರಿಗೆಲ್ಲ ಹಂಚುತ್ತದೆ.

ಭಾರದ ವಿಷಯಕ್ಕೆ ಬರುತ್ತೇನೆ. ಈ ಅಳತೆಯಲ್ಲಿ ಪ್ರತಿ ಅಚ್ಚಿಗೆ 25 ಗ್ರಾಂ, ಅಂದರೆ ಇಂಥ ನಾಲ್ಕು ಚಕ್ರದ ವ್ಯಾಗನ್ನಿಗೆ ಒಟ್ಟು 50 ಗ್ರಾಂ ಎಂಬುದು ಬ್ರಿಟಿಷ್ ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ಲೆಕ್ಕ. ಬರಿಯ ಪ್ಲಾಸ್ಟಿಕ್ ವ್ಯಾಗನ್ ಅದರ ಅರ್ಧವೂ ತೂಗುವುದಿಲ್ಲ. ಮೇಲ್ಛಾವಣಿಯಿರುವ ವ್ಯಾಗನ್ನಾದರೆ ಒಳಗೆ ಏನನ್ನಾದರೂ ಬಚ್ಚಿಡಬಹುದು. ತೆರೆದ ಕಲ್ಲಿದ್ದಲು ವ್ಯಾಗನ್ನಿನಲ್ಲಿ ನೆಲದ ಕೆಳಗೆ, ಸೋಲ್‌ಬಾರ್‌ಗಳ ನಡುವೆ ಸೀಸದ ತಗಡು ಅಂಟಿಸಬೇಕು, ಇಲ್ಲವೇ ಕಲ್ಲಿದ್ದಲು ತುಂಬಿದಂತೆ ಮಾಡಿ ಅದರಡಿ ಮರೆಸಬೇಕು. ಒಂದು ಎಚ್ಚರಿಕೆಯನ್ನು ಸ್ವಂತ ಅನುಭವದಿಂದ ಹೇಳುತ್ತೇನೆ. ಒಮ್ಮೆ ಟ್ಯಾಂಕ್ ವ್ಯಾಗನ್ನಿನ ಹೊಟ್ಟೆಯೊಳಗೆ ಸೀಸದ ಸಣ್ಣ ಗುಂಡುಗಳನ್ನು ತುಂಬಿ, ಮರಗೆಲಸದ ಬಿಳಿ ಅಂಟು ಸುರಿದು ಮುಚ್ಚಿದ್ದೆ. ಎರಡು ವರ್ಷದ ನಂತರ ಟ್ಯಾಂಕು ಮಾಗಿದ ಹಲಸಿನಂತೆ ಸೀಳು ಬಿಟ್ಟಿತ್ತು. ಆ ಅಂಟಿನಿಂದ ಹೊರಡುವ ಅಸಿಟಿಕ್ ಆಮ್ಲ ಸೀಸವನ್ನು ತಿನ್ನುತ್ತದೆ, ಆಗ ಹುಟ್ಟುವ ಬಿಳಿಯ ಪುಡಿಗೆ ಸೀಸಕ್ಕಿಂತ ಹೆಚ್ಚು ಜಾಗ ಬೇಕಾಗುತ್ತದೆ. ಸೀಸಕ್ಕೆ ಎಪಾಕ್ಸಿ ಬಳಸಿ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಇಷ್ಟಾದ ಮೇಲೆ ವ್ಯಾಗನ್ ಓಡುತ್ತದೆ. ಅದು ನಿಜವೆನಿಸಲು, ನಿಮ್ಮ ಕೈಯಲ್ಲಿರುವುದು ಯಾವ ಕಾಲದ ಯಾವ ವ್ಯಾಗನ್ ಎಂದು ತಿಳಿದಿರಬೇಕು. ನೀವು ಕಳಿಸಿದ ಚಿತ್ರದಲ್ಲಿ ಏಳು ಹಲಗೆ ಕಾಣುವುದರಿಂದ, ಅದು ಬಹುಮಟ್ಟಿಗೆ ಬ್ರಿಟಿಷ್ ರೈಲ್ವೆ ಕಂಪನಿಗಳ ನಡುವಣ ಲೆಕ್ಕ ನೋಡಿಕೊಳ್ಳುತ್ತಿದ್ದ ಸಂಸ್ಥೆಯಾದ ರೈಲ್ವೇ ಕ್ಲಿಯರಿಂಗ್ ಹೌಸ್ 1923ರಲ್ಲಿ ನಿಗದಿಪಡಿಸಿದ ಮಾದರಿಯ 12 ಟನ್ನಿನ ಮರದ ವ್ಯಾಗನ್. ಆ ಕಾಲದಲ್ಲಿ ಕಲ್ಲಿದ್ದಲು ವ್ಯಾಗನ್‌ಗಳಲ್ಲಿ ಬಹುಪಾಲು ರೈಲ್ವೆ ಕಂಪನಿಗಳ ಸೊತ್ತಾಗಿರದೆ ಗಣಿ ಮಾಲೀಕರ ಮತ್ತು ಕಲ್ಲಿದ್ದಲು ವ್ಯಾಪಾರಿಗಳ ಸೊತ್ತಾಗಿದ್ದವು. ಪಕ್ಕದ ಹಲಗೆಗಳ ಮೇಲೆ ಮಾಲೀಕರ ಹೆಸರು ದೊಡ್ಡ ಬಣ್ಣದ ಅಕ್ಷರಗಳಲ್ಲಿ ಇರುತ್ತಿತ್ತು. 1939ರಲ್ಲಿ ಯುದ್ಧ ಶುರುವಾದಾಗ ಸರ್ಕಾರ ಅವೆಲ್ಲವನ್ನೂ ವಶಕ್ಕೆ ತೆಗೆದುಕೊಂಡಿತು, 1948ರ ರಾಷ್ಟ್ರೀಕರಣದಲ್ಲಿ ಅವು ಬ್ರಿಟಿಷ್ ರೈಲ್ವೇಸ್‌ಗೆ ಸೇರಿದವು. ಆ ಮೇಲೆ ಸಂಖ್ಯೆಯ ಮುಂದೆ ಪಿ ಅಕ್ಷರ ಬಂತು, ಹೆಸರು ಮಾಸುತ್ತಾ ಹೋಯಿತು, ಒಡೆದ ಹಲಗೆಯ ಜಾಗಕ್ಕೆ ಬಣ್ಣವಿಲ್ಲದ ಹೊಸ ಹಲಗೆ ಬಂತು, ಸಂಖ್ಯೆ ಬರೆಯಲು ಮಾತ್ರ ಕಪ್ಪು ತೇಪೆ ಹಚ್ಚಿದರು. ನನ್ನ ಮಟ್ಟಿಗೆ ಹೊಸದಾಗಿ ಮಿರುಗುವ ವ್ಯಾಗನ್ನಿಗಿಂತ ಈ ಸವೆದ 1950ರ ವ್ಯಾಗನ್ನೇ ಮೇಲು, ಏಕೆಂದರೆ ಒಂದು ಹಲಗೆಯ ಬಣ್ಣ ನೋಡಿದರೆ ಅದರ ಮೂವತ್ತು ವರ್ಷದ ಕಥೆ ತಿಳಿಯುತ್ತದೆ.

ಮರದ ವ್ಯಾಗನ್ ಆರಿಸಿಕೊಂಡಿದ್ದು ಇನ್ನೊಂದು ರೀತಿಯಲ್ಲಿಯೂ ಅನುಕೂಲವಾಗಿದೆ. ನಿಮ್ಮ ಅಳತೆ 76ರಲ್ಲಿ ಒಂದು, ಕಿಟ್ಟಿನ ಪಕ್ಕದ ಹಲಗೆ ಸುಮಾರು 1 ಮಿ.ಮೀ. ದಪ್ಪ. ಅಂದರೆ ನಿಜದಲ್ಲಿ 76 ಮಿ.ಮೀ., ಮೂರು ಅಂಗುಲ. ಮರದ ವ್ಯಾಗನ್ನಿನ ಹಲಗೆ ಎರಡೂವರೆ ಅಂಗುಲದ ಆಸುಪಾಸಿನದು, ಹಾಗಾಗಿ ಕಣ್ಣಿಗೆ ಒಪ್ಪುತ್ತದೆ. ಬ್ರಿಟಿಷ್ ರೈಲ್ವೇಸ್ ಎರಡು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊಂದಿದ್ದ 16 ಟನ್ನಿನ ಉಕ್ಕಿನ ವ್ಯಾಗನ್ನಿನ ತಗಡಾದರೋ ಕೆಲವೇ ಮಿಲಿಮೀಟರ್ ದಪ್ಪ; ಅದೇ ಪ್ಲಾಸ್ಟಿಕ್ಕಿನಲ್ಲಿ ಅದು ಕೋಟೆ ಗೋಡೆಯಂತೆ ಕಾಣುತ್ತದೆ. ಮುಂದೆ ಅದನ್ನು ಕಟ್ಟುವುದಾದರೆ ಮೇಲಂಚನ್ನು ಒಳಗಿನಿಂದ ಇಳಿಜಾರಾಗಿ ಕೆರೆದು ತೆಳ್ಳಗೆ ಮಾಡಿ. ಅದರ ಪಕ್ಕದಲ್ಲಿ ಕಾಣುವ ಓರೆಯಾದ ಬಿಳಿ ಪಟ್ಟೆಯೂ ಅಲಂಕಾರವಲ್ಲ, ತುದಿಯ ಬಾಗಿಲು ಯಾವ ಕಡೆಗಿದೆ ಎಂದು ಹೇಳುವ ಗುರುತು; ಪಟ್ಟೆಯ ಮೇಲ್ತುದಿ ಬಾಗಿಲಿರುವ ತುದಿಯತ್ತ ಇರಬೇಕು.

ಸೂಕ್ಷ್ಮ ವಿವರಗಳಲ್ಲಿ ಹೆಚ್ಚು ಫಲ ಕೊಡುವುದು ಬ್ರೇಕ್. ಡಬಲ್ ಓ ಅಳತೆಯಲ್ಲಿ ಹಳಿಗಳ ಅಂತರ ನಿಜಕ್ಕಿಂತ ಕಿರಿದು: ನಾಲ್ಕು ಅಡಿ ಎಂಟೂವರೆ ಅಂಗುಲಕ್ಕೆ 18.83 ಮಿ.ಮೀ. ಬರಬೇಕಾದಲ್ಲಿ 16.5 ಇದೆ. ಇದರಿಂದಾಗಿ ಕಿಟ್ಟಿನ ಬ್ರೇಕ್ ಕಟ್ಟೆಗಳು ಎಷ್ಟೋ ಸಲ ಚಕ್ರದ ನೇರಕ್ಕೆ ಬಾರದೆ ಹೊರಗಡೆ ಗಾಳಿಯಲ್ಲಿ ನೇತಾಡುತ್ತವೆ. ಅವುಗಳ ಹಿಂದೆ ಒಂದು ಪ್ಲಾಸ್ಟಿಕ್ ಚೂರು ಇಟ್ಟು ಒಳಕ್ಕೆ ಸರಿಸಿ, ಚಕ್ರಕ್ಕೆ ತಾಗದಂತೆ ಆದರೆ ಅದರ ಎದುರಿಗೇ ಇರುವಂತೆ ಅಂಟಿಸಿದರೆ ಇಡೀ ವ್ಯಾಗನ್ನಿನ ನೋಟ ಬದಲಾಗುತ್ತದೆ. ಕೈ ಬ್ರೇಕಿನ ಲಿವರ್ ಎರಡೂ ಬದಿಗೆ ಇರಬೇಕು. ಯಾವ ಬದಿಗೆ ಎದುರಾಗಿ ನಿಂತು ನೋಡಿದರೂ ಅದರ ಹಿಡಿ ನಿಮ್ಮ ಬಲಕ್ಕೆ ಬರಬೇಕು. ಲಿವರಿನ ದಪ್ಪ ಪ್ಲಾಸ್ಟಿಕ್ಕನ್ನು ಕೆರೆದು ತೆಳ್ಳಗೆ ಮಾಡಿ. ಬಫರಿನ (ವ್ಯಾಗನ್ನಿನ ತುದಿಯಲ್ಲಿ ಧಕ್ಕೆ ತಡೆಯುವ ಭಾಗದ) ತಲೆಗಳು ಮೊಂಡಾಗಿದ್ದರೆ ಲೋಹದ್ದು ಸಿಗುತ್ತವೆ. ನೆಲದಡಿಯ ಪ್ರತಿ ಸಲಾಕಿಯನ್ನೂ ತಂತಿಯಲ್ಲಿ ಮಾಡುವವರಿದ್ದಾರೆ. ವ್ಯಾಗನ್ ಹಳಿಯ ಮೇಲೆ ನಿಂತಾಗ ಅದು ಯಾರಿಗೂ ಕಾಣುವುದಿಲ್ಲ, ನಾನು ಮಾಡುವುದಿಲ್ಲ.

ಬಣ್ಣಕ್ಕೆ ಮುನ್ನ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಜಿಡ್ಡು ತೊಳೆದು ಒಣಗಿಸಿ. ನಿಮ್ಮೂರಿನ ಜೂನ್, ಜುಲೈ ತಿಂಗಳುಗಳಲ್ಲಿ ಸ್ಪ್ರೇ ಬಣ್ಣಕ್ಕೂ ವಾರ್ನಿಷ್‌ಗೂ ಕೈ ಹಾಕಬೇಡಿ. ಗಾಳಿಯ ತೇವ ಅದರೊಳಗೆ ಸಿಕ್ಕಿಕೊಂಡು ಮೈಯೆಲ್ಲ ಬೂದಿ ಬಡಿದಂತಾಗುತ್ತದೆ. ಕುಂಚದಲ್ಲಿ ಹಚ್ಚುವ ಅಕ್ರಿಲಿಕ್ ನಡೆಯುತ್ತದೆ. ಬಣ್ಣವಿಲ್ಲದ ಹಲಗೆಗಳಿಗೆ ಕಂದು ಬೇಡ. ಬಿಸಿಲು ಮಳೆ ತಿಂದ ಮರ ಬೂದು ಬಣ್ಣಕ್ಕೆ ತಿರುಗುತ್ತದೆ, ನಿಮ್ಮ ಹಳೆಯ ಕೊಟ್ಟಿಗೆಯ ಬಾಗಿಲನ್ನೇ ನೋಡಿಕೊಂಡು ಬಣ್ಣ ಬೆರೆಸಿ. ನೀರಿನಲ್ಲಿ ನೆನೆಸಿ ಜಾರಿಸುವ ಅಕ್ಷರಗಳನ್ನು ನುಣುಪಾದ ವಾರ್ನಿಷ್ ಮೇಲೆ ಕೂರಿಸಿ, ಒಣಗಿದ ಮೇಲೆ ಹೊಳಪಿಲ್ಲದ ವಾರ್ನಿಷ್ ಹಚ್ಚಿ. ಬಳಿಕ ತೆಳುವಾದ ಕಪ್ಪುಗಂದು ಬಣ್ಣ ಬಳಿದು, ಮೇಲಿನಿಂದ ಕೆಳಕ್ಕೆ ಮಾತ್ರ ಒರೆಸಿ ತೆಗೆದರೆ ಹಲಗೆಯ ಸಂದಿಗಳಲ್ಲಿ ಕೊಳೆ ಉಳಿಯುತ್ತದೆ. ಕೆಳಭಾಗಕ್ಕೆ ಬ್ರೇಕಿನ ಧೂಳಿನ ತುಕ್ಕುಗಂದು ಸಾಕು. ತುಂಬುವ ಕಲ್ಲಿದ್ದಲಿಗೆ ನಿಜದ ಕಲ್ಲಿದ್ದಲನ್ನೇ ಕುಟ್ಟಿ ಬಳಸಿ. ಇದ್ದಿಲು ಬೇಡ, ಅದಕ್ಕೆ ಕಲ್ಲಿದ್ದಲಿನ ಮಿನುಗಿಲ್ಲ.

ಇನ್ನು ತಾಳಗುಪ್ಪದ ಮಾತು. ಆ ಮಾರ್ಗ ಬ್ರಾಡ್ ಗೇಜ್ ಆಗುವ ಮುನ್ನ ಮೀಟರ್ ಗೇಜ್ ಆಗಿತ್ತು. 1000 ಮಿ.ಮೀ. ಅನ್ನು 76ರಿಂದ ಭಾಗಿಸಿದರೆ 13 ಬರುತ್ತದೆ, ನಿಮ್ಮ ಹಳಿ 16.5. ಬ್ರಿಟಿಷ್ ವ್ಯಾಗನ್ನಿಗೆ ಬಣ್ಣ ಬದಲಿಸಿದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ, ಅದರ ಅಗಲವೂ ಬಫರುಗಳೂ ಬೇರೆಯೇ. ಆದರೆ 87ರಲ್ಲಿ ಒಂದು ಅಳತೆಯಲ್ಲಿ ಮೀಟರ್ ಗೇಜ್ 11.5 ಮಿ.ಮೀ. ಆಗುತ್ತದೆ, ಅದಕ್ಕೆಂದೇ ಸ್ವಿಸ್ ಮೀಟರ್ ಗೇಜ್ ಮಾದರಿಗಳಲ್ಲಿ 12 ಮಿ.ಮೀ. ಹಳಿ ಬಹುಕಾಲದಿಂದ ಬಳಕೆಯಲ್ಲಿದೆ. ಆ ಹಳಿ ಮತ್ತು ಚಕ್ರಗಳನ್ನು ತರಿಸಿಕೊಂಡು, ಮೇಲಿನ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ನೀವೇ ಕತ್ತರಿಸಿ ಕಟ್ಟುವುದು ಸಾಧ್ಯ. ಅದನ್ನು ಹತ್ತನೆಯ ವ್ಯಾಗನ್ನಿಗೆ ಇಟ್ಟುಕೊಳ್ಳಿ.

ಕುಂಟುವ ಮೊದಲನೆಯದನ್ನು ಎಸೆಯಬೇಡಿ. ಅಸಿಟೋನ್ ಹಾಕಿ ಬಿಡಿಸಲು ಹೋದರೆ ವ್ಯಾಗನ್ನೇ ಕರಗಿಹೋಗುತ್ತದೆ. ಸೂಪರ್ ಗ್ಲೂ ತಣ್ಣಗಾದಷ್ಟೂ ಪೆಡಸಾಗುವುದರಿಂದ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿಡಿ, ಮನೆಯವರಿಗೆ ಮೊದಲೇ ಹೇಳಿಡಿ. ಬೆಳಿಗ್ಗೆ ಹೊರತೆಗೆದ ತಕ್ಷಣ ಸೋಲ್‌ಬಾರಿನ ಸಂದಿಗೆ ತೆಳುವಾದ ಬ್ಲೇಡು ತೂರಿಸಿ ಮೆಲ್ಲಗೆ ಮೀಟಿದರೆ ಸಾಮಾನ್ಯವಾಗಿ ಟಕ್ಕೆಂದು ಬಿಡುತ್ತದೆ. ಹಳೆಯ ಅಂಟನ್ನು ಕೆರೆದು ತೆಗೆದು, ಆ ಒಂದು ಬದಿಯನ್ನು ಮಾತ್ರ ಗಾಜಿನ ಮೇಲೆ ದ್ರಾವಕದಿಂದ ಮತ್ತೆ ಕೂರಿಸಿ.