ಉ: 20,000 ರೂಪಾಯಿಗೆ 50 ಮೀಟರ್ ಗುರಿಯ ರೈಫಲ್

ನಮಸ್ಕಾರ. ಪುಣೆ ಹತ್ತಿರದ ಪಿಂಪ್ರಿಯಲ್ಲಿದ್ದೀರಿ, ಲೈಸೆನ್ಸ್ ಇಲ್ಲ, 20,000 ರೂಪಾಯಿಯೊಳಗೆ 50 ಮೀಟರ್‌ಗೆ ಹೊಡೆಯುವ ರೈಫಲ್ ಯಾವುದು ಅಂತ ಕೇಳಿದ್ದೀರಿ.

.177 ಕ್ಯಾಲಿಬರ್ (ನಳಿಗೆಯ ಒಳ ಅಗಲ 4.5 ಮಿ.ಮೀ.), ಹೊಡೆತದ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಸ್ಪ್ರಿಂಗ್ ಅಥವಾ ಗ್ಯಾಸ್ ಪಿಸ್ಟನ್‌ನದು ತಗೊಳ್ಳಿ. ಡಬ್ಬದ ಮೇಲೆ ದೊಡ್ಡದಾಗಿ ಬರೆದ ವೇಗ ನೋಡಿ ಮರುಳಾಗಬೇಡಿ. ಹಗುರ ಪೆಲೆಟ್ (ಏರ್ ರೈಫಲ್‌ನ ಪುಟ್ಟ ಗುಂಡು) ಶಬ್ದದ ವೇಗದ ಹತ್ತಿರ ಹೋದರೆ ಹಾದಿ ತಪ್ಪುತ್ತೆ. 8.4 ಗ್ರೇನ್ (ಸುಮಾರು ಅರ್ಧ ಗ್ರಾಂ) ತೂಕದ ಪೆಲೆಟ್ ಸೆಕೆಂಡಿಗೆ 750-800 ಅಡಿ ಹೋದರೆ ಧಾರಾಳ ಸಾಕು.

ದುಡ್ಡು ಉಳಿಸಿ ಸ್ಕೋಪ್‌ಗೆ (ಗುರಿ ನೋಡುವ ದುರ್ಬೀನಿಗೆ) ಹಾಕಿ. ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಮುಂದಕ್ಕೂ ಒದೆಯೋದರಿಂದ ಮಾಮೂಲಿ ಸ್ಕೋಪ್‌ನ ಒಳಗಿನ ಕ್ರಾಸ್‌ಹೇರ್ (ಗುರಿಯ ಅಡ್ಡ-ಉದ್ದ ಗೆರೆ) ಸಡಿಲಾಗುತ್ತೆ. ಏರ್‌ಗನ್‌ಗೆಂದೇ ಮಾಡಿದ್ದನ್ನೇ ಕೇಳಿ, ಜಾರದಂತೆ ಸ್ಟಾಪ್ ಪಿನ್ ಇರುವ ಮೌಂಟ್ (ಸ್ಕೋಪನ್ನು ರೈಫಲ್‌ಗೆ ಕೂರಿಸುವ ಹಿಡಿಕೆ) ಜೊತೆಗೆ. 25 ಮೀಟರ್‌ಗೆ ಝೀರೋ ಮಾಡಿದರೆ (ಅಷ್ಟು ದೂರದಲ್ಲಿ ಗುರಿಯಿಟ್ಟಲ್ಲೇ ಬೀಳುವಂತೆ ಸ್ಕೋಪ್ ಹೊಂದಿಸಿದರೆ) 50ರಲ್ಲಿ ಪೆಲೆಟ್ ಸುಮಾರು ನಾಲ್ಕೈದು ಇಂಚು ಕೆಳಗೆ ಬೀಳುತ್ತೆ. ಗಾಳಿ ಬೇರೆ ಪಕ್ಕಕ್ಕೆ ತಳ್ಳುತ್ತೆ.

ಹೊಡೆದ ಪೆಲೆಟ್‌ಗಳು ಒಂದೆಡೆ ಬೀಳದೆ ಚೆದುರಿದರೆ ಮೊದಲು ಸ್ಟಾಕ್‌ನ (ರೈಫಲ್‌ನ ಹಿಡಿಕೆ ಭಾಗದ) ಸ್ಕ್ರೂ ಬಿಗಿ ಮಾಡಿ. ಮುಂದಿನ ಕೈಯಲ್ಲಿ ರೈಫಲ್ ಗಟ್ಟಿಯಾಗಿ ಹಿಡಿಯಬೇಡಿ, ಅಂಗೈ ಮೇಲೆ ಸುಮ್ಮನೆ ಇಡಿ. ಮೂರ್ನಾಲ್ಕು ಬಗೆಯ ಪೆಲೆಟ್ ತಂದು ಒಂದೊಂದರಲ್ಲೂ ಹತ್ತು ಹೊಡೆದು ನೋಡಿ. ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯಬೇಡಿ, ಪಿಸ್ಟನ್ ಸೀಲ್ ಹಾಳಾಗುತ್ತೆ.

ಟೆರೇಸಿನಿಂದ ಹೊಡೆಯಲೇಬೇಡಿ. ಪುಣೆಯ ಬಾಲೇವಾಡಿ ಶೂಟಿಂಗ್ ರೇಂಜ್‌ನಲ್ಲಿ ಯಾವ ರೈಫಲ್‌ಗೆ ಬಿಡ್ತಾರೆ ಅಂತ ವಿಚಾರಿಸಿ, ಆಮೇಲೆ ಕೊಳ್ಳಿ.